ಹಲ್ಲು ಬಿದ್ದ ಕನಸು, ಹಲ್‌ನಲ್ಲಿ ಸಿಕ್ಕ ಸಾಕ್ಷಿ

ನಿಮಗೂ ಇಂಥ ಫೋನ್ ಒಂದಲ್ಲ ಒಂದು ಸಲ ಬಂದಿರುತ್ತೆ. ಊರಲ್ಲಿ ಬೆಳಗಿನ ಜಾವ 5 ಗಂಟೆ, ಇಲ್ಲಿ ಲೀಡ್ಸ್‌ನಲ್ಲಿ ರಾತ್ರಿ 11:30. ಪಾತ್ರೆ ತೊಳೆದು ದೀಪ ಆರಿಸಬೇಕು ಅನ್ನುವಷ್ಟರಲ್ಲಿ ಹಾಸನದಿಂದ ಅಮ್ಮನ ಫೋನು. ಆ ಹೊತ್ತಿನಲ್ಲಿ ಊರಿನ ನಂಬರ್ ಕಂಡರೆ ಹೊರದೇಶದಲ್ಲಿರುವ ನಮ್ಮೆಲ್ಲರ ಎದೆ ಒಮ್ಮೆ ಧಸಕ್ಕೆನ್ನುತ್ತದೆ.

"ಏನಾಯ್ತಮ್ಮ?"

"ಏನೂ ಆಗಿಲ್ಲ. ಹಲ್ಲು ಬಿದ್ದ ಹಾಗೆ ಕನಸು ಬಿತ್ತು ಕಣೆ. ಗುರುವಾರದ ಆಪರೇಷನ್ ಬೇಡ. ಡಾಕ್ಟರಿಗೆ ನೀನೇ ಫೋನ್ ಮಾಡಿ ಹೇಳಿಬಿಡು."

ಅಮ್ಮನ ಮಂಡಿ ಆಪರೇಷನ್‌ಗೆ ಅವಳನ್ನು ಒಪ್ಪಿಸೋಕೆ ನಮಗೆ ಎರಡು ವರ್ಷ ಹಿಡಿದಿತ್ತು. ತಮ್ಮ ಬೆಂಗಳೂರಿನಿಂದ ರಜೆ ಹಾಕಿ ಬಂದಿದ್ದ. ಈಗ ಒಂದು ಕನಸಿನಿಂದ ಎಲ್ಲ ನಿಂತುಹೋಗುತ್ತೆ ಅಂದಾಗ ನನಗೆ ಸಿಟ್ಟು ಬಂತು. ಹೊಟ್ಟೆಪಾಡಿಗೆ ನಾನು ಮಾಡೋದು ಡೇಟಾ ಸೈನ್ಸ್. ಬಾಯಿಗೆ ಬಂದದ್ದೂ ಅದೇ. "ಇಷ್ಟು ವರ್ಷದಲ್ಲಿ ಎಷ್ಟು ಸಲ ಈ ಕನಸು ಬಿದ್ದಿದೆ? ಅದರಲ್ಲಿ ಎಷ್ಟು ಸಲ ಕೆಟ್ಟದಾಯ್ತು? ಕೆಟ್ಟದಾದ ಒಂದು ಸಲ ನೆನಪಿರುತ್ತೆ, ಏನೂ ಆಗದ ಹತ್ತು ಸಲ ಮರೆತುಹೋಗುತ್ತೆ ಅಮ್ಮ" ಅಂತ ಭಾಷಣ ಬಿಗಿದೆ.

"ಬೆಳಗಿನ ಜಾವದ ಕನಸು ನಿಜ ಆಗುತ್ತೆ" ಅಂದಳು.

"ಯಾರ ಬೆಳಗಿನ ಜಾವ? ಇಲ್ಲಿ ಇನ್ನೂ ನಿನ್ನೆ ರಾತ್ರಿ."

"ನಿನ್ನ ಲೆಕ್ಕ ನಿನ್ನ ಹತ್ರನೇ ಇಟ್ಕೋ" ಅಂತ ಫೋನ್ ಇಟ್ಟಳು.

ಅದು ಸೋಮವಾರ. ಆಪರೇಷನ್‌ಗೆ ಮೂರು ದಿನ ಇತ್ತು. ವಾದದಲ್ಲಿ ಗೆದ್ದಿದ್ದೆ, ಅಮ್ಮನನ್ನು ಒಪ್ಪಿಸೋದರಲ್ಲಿ ಸೋತಿದ್ದೆ. ನಿದ್ದೆ ಬರದೆ ಹಲ್ಲಿನ ಕನಸಿನ ಬಗ್ಗೆ ಓದೋಕೆ ಕೂತೆ. ಆ ಓದು ಎರಡು ವರ್ಷ ಆದರೂ ನಿಂತಿಲ್ಲ. ಅದು ನನ್ನನ್ನು ಎರಡು ಪ್ರಶ್ನೆಗಳ ಇತಿಹಾಸಕ್ಕೆ ಕರೆದುಕೊಂಡು ಹೋಯಿತು. ಒಂದು, ಕನಸಿನ ಅರ್ಥ ಏನು? ಇನ್ನೊಂದು, ಕನಸಿನ ಒಳಗಿದ್ದಾಗಲೇ "ಇದು ಕನಸು" ಅಂತ ತಿಳಿಯಬಹುದಾ? ಎರಡು ಪ್ರಶ್ನೆಗೂ ತೊಡಕು ಒಂದೇ: ಕನಸಿಗೆ ಒಬ್ಬರೇ ಸಾಕ್ಷಿ. ನೋಡಿದವರು ಹೇಳಬೇಕು, ಉಳಿದವರು ನಂಬಬೇಕು.

ಬಾಯಿ ಅಂದರೆ ಮನೆ

ಹಲ್ಲು ಬಿದ್ದ ಕನಸು ಕಂಡರೆ ಮನೆಯಲ್ಲಿ ಯಾರಿಗೋ ಕೇಡು ಅನ್ನೋ ಮಾತು ನಮ್ಮ ಕಡೆಯದು ಮಾತ್ರ ಅಂದುಕೊಂಡಿದ್ದೆ. ಅಲ್ಲ. ಕ್ರಿ.ಶ. 2ನೇ ಶತಮಾನದಲ್ಲಿ ಎಫೆಸಸ್ ಪಟ್ಟಣದ ಆರ್ಟೆಮಿಡೋರಸ್ ಗ್ರೀಕ್ ಭಾಷೆಯಲ್ಲಿ 'ಒನೈರೊಕ್ರಿಟಿಕಾ' ಅನ್ನುವ ಕನಸಿನ ಗ್ರಂಥ ಬರೆದ. ಒಟ್ಟು 5 ಭಾಗ. ಅದರಲ್ಲಿ ಹಲ್ಲಿನ ಬಗ್ಗೆಯೇ ಒಂದು ಅಧ್ಯಾಯ ಇದೆ. ಅವನ ಪ್ರಕಾರ ಬಾಯಿ ಅಂದರೆ ಮನೆ, ಹಲ್ಲು ಅಂದರೆ ಮನೆಮಂದಿ. ಬಲಗಡೆಯವು ಗಂಡಸರು, ಎಡಗಡೆಯವು ಹೆಂಗಸರು. ಮೇಲಿನ ಸಾಲು ಮನೆಯ ಮುಖ್ಯರು. ಯಾವ ಹಲ್ಲು ಬಿತ್ತೋ ಆ ಮನುಷ್ಯ ಹೋಗುತ್ತಾನೆ. ಹಾಸನದಿಂದ ಏಜಿಯನ್ ಸಮುದ್ರದ ದಂಡೆ ಎಷ್ಟು ದೂರ! ಆದರೂ ನಂಬಿಕೆ ಪಕ್ಕದ ಮನೆಯದು.

ಅಲ್ಲಿಗೇ ನಿಲ್ಲಿಸಿದ್ದರೆ ಆರ್ಟೆಮಿಡೋರಸ್‌ನ ಪುಸ್ತಕವೂ ಜಾತ್ರೆಯಲ್ಲಿ ಮಾರುವ ಸ್ವಪ್ನಫಲದ ಪುಸ್ತಕದ ಹಾಗೆ ಒಂದು ಪಟ್ಟಿಯಾಗುತ್ತಿತ್ತು. ಆದರೆ ಅವನು ಮುಂದೆ ಹೋಗುತ್ತಾನೆ. ಸಾಲಗಾರ ಇದೇ ಕನಸು ಕಂಡರೆ ಸಾಲ ತೀರುತ್ತೆ ಅಂತಾನೆ. ಕನಸು ಒಂದೇ, ಅರ್ಥ ಬೇರೆ. ಹಾಗಾಗಿ ಕನಸು ಕಂಡವರು ಯಾರು, ಏನು ಕೆಲಸ, ಬಡವರಾ ಸಾಹುಕಾರರಾ, ಆರೋಗ್ಯ ಹೇಗಿದೆ, ಊರಿನ ಪದ್ಧತಿ ಏನು ಅನ್ನೋದನ್ನೆಲ್ಲ ಮೊದಲು ವಿಚಾರಿಸಬೇಕು ಅನ್ನೋದು ಅವನ ನಿಯಮ. ಸಂತೆಯಲ್ಲಿ ಕೂತು ಕನಸು ಹೇಳುವವರನ್ನು ಆಗಿನ ದೊಡ್ಡವರು ಕೀಳಾಗಿ ಕಾಣುತ್ತಿದ್ದರು. ಇವನು ಅಂಥವರ ಜೊತೆಗೇ ವರ್ಷಗಟ್ಟಲೆ ಓಡಾಡಿ, ಗ್ರೀಸ್, ಏಷ್ಯಾ ಮೈನರ್, ಇಟಲಿಯ ಊರುಗಳಲ್ಲಿ ಜನ ಕಂಡ ಕನಸು ಮತ್ತು ಆಮೇಲೆ ಏನಾಯಿತು ಅನ್ನೋದನ್ನು ಕಲೆಹಾಕಿದ. ವಿಧಾನದಲ್ಲಿ ತಪ್ಪುಗಳಿವೆ, ಆದರೆ ಮನಸ್ಸು ನನ್ನ ವೃತ್ತಿಯವರದೇ.

ನಮ್ಮಲ್ಲೂ ಇದಕ್ಕಿಂತ ಕಟ್ಟುನಿಟ್ಟಾದ ಜರಡಿ ಒಂದಿತ್ತು. ಚರಕ ಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸುಗಳನ್ನು 7 ಬಗೆ ಮಾಡಿದ್ದಾರೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ಸೂಚಿಸುವುದು, ಮತ್ತು ದೇಹದ ದೋಷದಿಂದ ಹುಟ್ಟಿದ್ದು. ಇದರಲ್ಲಿ ಮೊದಲ 5 ಬಗೆಗೆ ಫಲವಿಲ್ಲ ಅಂತ ವೈದ್ಯ ತಿಳಿಯಬೇಕು. ಹಗಲಿನ ಕನಸು, ತೀರಾ ಚಿಕ್ಕದು, ತೀರಾ ಉದ್ದದ್ದು, ಇವನ್ನೂ ಬಿಡಬೇಕು. ರಾತ್ರಿಯ ಮೊದಲ ಭಾಗದ ಕನಸಿಗೆ ಫಲ ಕಡಿಮೆ. ನೋಡಿ, ಫಲ ಇದೆ ಅಂತ ನಂಬಿದವರೇ ಬಹುಪಾಲು ಕನಸುಗಳನ್ನು ಕಸದ ಬುಟ್ಟಿಗೆ ಹಾಕಿದ್ದರು. ಈ ಪಟ್ಟಿಯ ಎರಡನೆಯದನ್ನು, ಅಂದರೆ 'ಕೇಳಿದ್ದು' ಅನ್ನೋದನ್ನು, ಸ್ವಲ್ಪ ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಬೇಕಾಗುತ್ತೆ.

ಶ್ರೀರಂಗಪಟ್ಟಣದ 37 ಕನಸು

ಕನಸಿನ ಅರ್ಥವನ್ನು ಒಬ್ಬ ಮನುಷ್ಯ ತನಗೋಸ್ಕರ ಹೇಗೆ ಹುಡುಕುತ್ತಿದ್ದ ಅನ್ನೋದಕ್ಕೆ ನಮ್ಮ ನಾಡಿನದೇ ಒಂದು ಅಪರೂಪದ ದಾಖಲೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಮಲಗುವ ಕೋಣೆಯಲ್ಲಿ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ಗೆ ಒಂದು ಚಿಕ್ಕ ಪುಸ್ತಕ ಸಿಕ್ಕಿತು. ಟಿಪ್ಪು ತನ್ನ ಕೈಯಾರೆ ಪರ್ಷಿಯನ್‌ನಲ್ಲಿ ಬರೆದಿಟ್ಟ ಕನಸುಗಳು, ಒಟ್ಟು 37, ಮೊದಲನೆಯದು 1785ರದ್ದು. ಆಗ ಹಾಜರಿದ್ದ ಹಬೀಬುಲ್ಲಾ ಸುಲ್ತಾನನ ನಂಬಿಕಸ್ಥ. ಅವನಿಗೂ ಇಂಥದೊಂದು ಪುಸ್ತಕ ಇದೆ ಅಂತ ಗೊತ್ತಿತ್ತೇ ಹೊರತು ಕಣ್ಣಿಂದ ನೋಡಿರಲಿಲ್ಲ. ಬರೆಯುವಾಗ ಯಾರಾದರೂ ಹತ್ತಿರ ಬಂದರೆ ಸುಲ್ತಾನ ಮುಚ್ಚಿಡುತ್ತಿದ್ದನಂತೆ. ಗಿರೀಶ ಕಾರ್ನಾಡರು ಬಿಬಿಸಿ ರೇಡಿಯೋಗೆ ಬರೆದ ಟಿಪ್ಪು ನಾಟಕದ ಬೀಜ ಇದೇ ಪುಸ್ತಕ.

ಒಂದು ಕನಸು ಹೇಳ್ತೀನಿ. 1786ರಲ್ಲಿ ಮರಾಠರ ಜೊತೆ ಯುದ್ಧ ನಡೆದಿತ್ತು. ಸವಣೂರಿನ ಆಸುಪಾಸಿನಲ್ಲಿ ಹರಿಪಂತ ಫಡಕೆಯ ಸೈನ್ಯದ ಮೇಲೆ ರಾತ್ರಿ ದಾಳಿಗೆ ಸಿದ್ಧತೆ. ಆಗ ಟಿಪ್ಪುವಿಗೆ ಕನಸಿನಲ್ಲಿ ಒಬ್ಬ ಚೆಲುವ ಯುವಕ ಬಂದು ಪಕ್ಕ ಕೂರುತ್ತಾನೆ. ಮಾತು, ತಮಾಷೆ ನಡೆಯುತ್ತೆ. ಆಮೇಲೆ ಆ ಯುವಕ ಎದ್ದು ಪೇಟ ಬಿಚ್ಚಿ ಕೂದಲು ಇಳಿಬಿಟ್ಟಾಗ ನೋಡಿದರೆ ಹೆಂಗಸು. ಎಚ್ಚರವಾದ ಮೇಲೆ ಟಿಪ್ಪು ಅರ್ಥ ಬರೆದುಕೊಂಡ: ಮರಾಠರು ಗಂಡಸರ ವೇಷದಲ್ಲಿದ್ದರೂ ರಣರಂಗದಲ್ಲಿ ಹೆಂಗಸರಾಗುತ್ತಾರೆ. ಆ ಕಾಲದ ಗಂಡಸರ ಯೋಚನೆ ಹಾಗಿತ್ತು, ಬಿಡಿ. ದಾಳಿ ತನ್ನ ಪರವಾಗಿ ಆಯಿತು ಅಂತಲೂ ಅದರ ಕೆಳಗೆ ಬರೆದಿದ್ದಾನೆ.

ಈಗ ಲೆಕ್ಕದ ಕಣ್ಣಿಂದ ನೋಡೋಣ. 14 ವರ್ಷ ಅಂದರೆ ಸುಮಾರು 5,000 ರಾತ್ರಿ. ಮನುಷ್ಯ ಒಂದು ರಾತ್ರಿಯಲ್ಲಿ ಮತ್ತೆ ಮತ್ತೆ, ನಾಲ್ಕೈದು ಸಲವಾದರೂ ಕನಸಿನ ನಿದ್ದೆಗೆ ಹೋಗಿ ಬರುತ್ತಾನೆ. ಅಷ್ಟರಲ್ಲಿ ದಾಖಲೆಗೆ ಬಂದದ್ದು 37. ಶತ್ರು, ಸೈನ್ಯ, ಗೆಲುವು ಇದ್ದವು ಉಳಿದುಕೊಂಡವು. ಬೆಲ್ಲ ತಿಂದ ಕನಸು, ದಾರಿ ತಪ್ಪಿದ ಕನಸು ಅವನಿಗೂ ಬಿದ್ದಿರುತ್ತೆ, ಬರೆಯಲಿಲ್ಲ. ಆದ್ದರಿಂದ ಈ ಪುಸ್ತಕ ಮುಂದೆ ಏನಾಗುತ್ತೆ ಅಂತ ಹೇಳೋದಕ್ಕಿಂತ, ಆ ಮನುಷ್ಯನಿಗೆ ಹಗಲೂ ರಾತ್ರಿ ಯಾವ ಚಿಂತೆ ಇತ್ತು ಅನ್ನೋದನ್ನು ಹೇಳುತ್ತೆ. ಅದು ಕಡಿಮೆ ವಿಷಯ ಅಲ್ಲ. ಸೋಮವಾರ ರಾತ್ರಿ ಅಮ್ಮನಿಗೆ ಲೆಕ್ಕ ಒಪ್ಪಿಸುವಾಗ ನನಗೆ ಹೊಳೆಯದೇ ಇದ್ದದ್ದು ಇದೇ.

"ಇದು ಕನಸು" ಅಂದವರು

ಇನ್ನು ಎರಡನೇ ಪ್ರಶ್ನೆ. ಕನಸಿನೊಳಗೇ ಕನಸು ಅಂತ ತಿಳಿಯೋದಕ್ಕೆ ಇಂಗ್ಲಿಷಿನಲ್ಲಿ ಲೂಸಿಡ್ ಡ್ರೀಮ್ ಅಂತಾರೆ. ನಾವು ಅರಿವಿನ ಕನಸು ಅನ್ನೋಣ.

ಇದು ಹೊಸ ಸುದ್ದಿ ಅಲ್ಲವೇ ಅಲ್ಲ. ಕ್ರಿ.ಪೂ. 4ನೇ ಶತಮಾನದಲ್ಲಿ ಅರಿಸ್ಟಾಟಲ್ ಕನಸುಗಳ ಬಗ್ಗೆ ಬರೆದ ಸಣ್ಣ ಪುಸ್ತಕದಲ್ಲಿ, ನಿದ್ದೆಯಲ್ಲಿರುವಾಗ ಒಳಗಿನಿಂದ ಏನೋ ಒಂದು 'ಕಾಣುತ್ತಿರೋದು ಬರೀ ಕನಸು' ಅಂತ ಹೇಳೋದುಂಟು ಅಂತಾನೆ. ಕ್ರಿ.ಶ. 415ರಲ್ಲಿ ಸಂತ ಅಗಸ್ಟೀನ್ ಬರೆದ ಒಂದು ಪತ್ರದಲ್ಲಿ ಕಾರ್ತೇಜ್‌ನಲ್ಲಿದ್ದ ಗೆನ್ನಾಡಿಯಸ್ ಅನ್ನೋ ವೈದ್ಯನ ಕನಸು ಬರುತ್ತೆ. ಕನಸಿನಲ್ಲಿ ಬಂದ ಯುವಕ ಅವನನ್ನು "ಈಗ ನಿನ್ನ ದೇಹ ಎಲ್ಲಿದೆ?" ಅಂತ ಕೇಳುತ್ತಾನೆ. "ನನ್ನ ಹಾಸಿಗೆಯಲ್ಲಿ" ಅಂತ ಉತ್ತರ. ಟಿಬೆಟಿನ ಬೌದ್ಧರಲ್ಲಿ ಕನಸಿನಲ್ಲಿ ಎಚ್ಚರವಾಗಿರೋದು ಒಂದು ಸಾಧನೆಯೇ. ನಾರೋಪನ ಆರು ಯೋಗಗಳಲ್ಲಿ ಅದೂ ಒಂದು.

ನಮ್ಮ ಉಪನಿಷತ್ತುಗಳಲ್ಲೂ ಕನಸಿದೆ. ಬೃಹದಾರಣ್ಯಕದಲ್ಲಿ, ಅಲ್ಲಿ ರಥ ಇಲ್ಲ, ಕುದುರೆ ಇಲ್ಲ, ದಾರಿ ಇಲ್ಲ, ಆದರೂ ಕನಸು ಕಾಣುವವನು ಅವೆಲ್ಲವನ್ನೂ ತಾನೇ ಸೃಷ್ಟಿಸಿಕೊಳ್ಳುತ್ತಾನೆ ಅಂತ ಬರುತ್ತೆ. ಮಾಂಡೂಕ್ಯ ಎಚ್ಚರ, ಕನಸು, ಗಾಢನಿದ್ದೆ ಮೂರನ್ನೂ ಹೇಳಿ, ನಾಲ್ಕನೆಯದೊಂದನ್ನು ತೋರಿಸುತ್ತೆ. "ಹಾಗಾದ್ರೆ ನಮ್ಮವರು ಎಲ್ಲ ಮೊದಲೇ ಕಂಡುಹಿಡಿದಿದ್ರು" ಅಂತ ವಾಟ್ಸಾಪಿನಲ್ಲಿ ಕಳಿಸುವ ಮುಂಚೆ ಸ್ವಲ್ಪ ತಡೆಯಿರಿ. ಉಪನಿಷತ್ತು ಕೇಳುತ್ತಿದ್ದ ಪ್ರಶ್ನೆ ಬೇರೆ: ಮೂರೂ ಸ್ಥಿತಿಗಳನ್ನು ನೋಡುತ್ತಿರುವವನು ಯಾರು? ಕನಸಿನಲ್ಲಿ ನನಗೆ ಅರಿವಿತ್ತು ಅಂತ ಪಕ್ಕದವನಿಗೆ ರುಜುವಾತು ಮಾಡೋದು ಅವರಿಗೆ ಬೇಕಿರಲಿಲ್ಲ. ಆ ಹಟಕ್ಕೆ ಬಿದ್ದವರು ಬಹಳ ಆಮೇಲೆ ಬಂದರು, ಕೈಯಲ್ಲಿ ನೋಟ್‌ಬುಕ್ ಹಿಡಿದುಕೊಂಡು.

ಅವರಲ್ಲಿ ನನಗೆ ತುಂಬಾ ಇಷ್ಟವಾದವನು ಫ್ರಾನ್ಸಿನ ಹೆರ್ವೆ ದ ಸಾಂ-ದೆನಿ. ಹುಟ್ಟಿದ್ದು 1822, ಮುಂದೆ ಪ್ಯಾರಿಸ್ಸಿನಲ್ಲಿ ಚೀನೀ ಭಾಷೆಯ ಪ್ರಾಧ್ಯಾಪಕನಾದ. 13ನೇ ವಯಸ್ಸಿಗೇ ಕನಸುಗಳನ್ನು ಬರೆದು ಚಿತ್ರ ಬಿಡಿಸೋಕೆ ಶುರು ಮಾಡಿದ. ಒಟ್ಟು 22 ಪುಸ್ತಕ, 1,946 ರಾತ್ರಿ. ದಿನಾ ಬರೆಯುತ್ತಿದ್ದರಿಂದ ಬರೆಯುವ ಅಭ್ಯಾಸವೇ ಕನಸಿನೊಳಗೆ ಬಂತು. ಕನಸು ಅಂತ ಮೊದಲ ಸಲ ಒಳಗಿಂದಲೇ ತಿಳಿದದ್ದು 207ನೇ ರಾತ್ರಿ. ಆಮೇಲೆ ಅದು ಹೆಚ್ಚುತ್ತಾ ಹೋಯಿತು.

ಅವನ ಒಂದು ಪ್ರಯೋಗ ಕೇಳಿ. ವಿವರೇ ಅನ್ನೋ ಗುಡ್ಡಗಾಡಿಗೆ ಹೊರಡುವ ಮುಂಚೆ ಹೊಸದೊಂದು ಸೆಂಟು ಕೊಂಡ. ಅಲ್ಲಿದ್ದಷ್ಟು ದಿನ ಕರ್ಚೀಫಿಗೆ ಹಾಕಿಕೊಂಡ, ಊರಿಗೆ ಬಂದು ಬಾಟಲಿ ಮುಚ್ಚಿಟ್ಟ. ತಿಂಗಳುಗಳ ನಂತರ ಅದನ್ನು ಆಳಿನ ಕೈಗೆ ಕೊಟ್ಟು, "ಯಾವತ್ತೋ ಒಂದು ದಿನ, ನನಗೆ ಹೇಳದೆ, ನಾನು ಮಲಗಿದ್ದಾಗ ದಿಂಬಿನ ಮೇಲೆ ಎರಡು ಹನಿ ಹಾಕು" ಅಂದ. ಎಷ್ಟೋ ದಿನ ಏನೂ ಇಲ್ಲ. ಹನಿ ಬಿದ್ದ ದಿನ ಕನಸಿನಲ್ಲಿ ವಿವರೇ ಬೆಟ್ಟಗಳು ಬಂದವು. ದಿನ ತನಗೆ ಗೊತ್ತಿರಬಾರದು ಅನ್ನೋ ಆ ಎಚ್ಚರ ಇದೆಯಲ್ಲ, ಇವತ್ತು ಔಷಧಿ ಪರೀಕ್ಷೆಯಲ್ಲಿ ನಾವು ಮಾಡೋದೂ ಅದನ್ನೇ. 1867ರಲ್ಲಿ ಪುಸ್ತಕ ಪ್ರಕಟಿಸಿದ, ತನ್ನ ಹೆಸರು ಹಾಕದೆ. ಆ ಪುಸ್ತಕ ಎಷ್ಟು ಅಪರೂಪ ಆಯಿತು ಅಂದರೆ, ಕನಸಿನ ಅರ್ಥದ ಬಗ್ಗೆ ಜಗತ್ತೇ ಮಾತಾಡುವಂತೆ ಮಾಡಿದ ಫ್ರಾಯ್ಡ್‌ಗೂ ಹುಡುಕಿದರೆ ಸಿಗಲಿಲ್ಲ. ಹಾಗಂತ ಅವನೇ ಬರೆದುಕೊಂಡಿದ್ದಾನೆ.

ಮುಂದಿನ ನೋಟ್‌ಬುಕ್ ಡಚ್ ಮನೋವೈದ್ಯ, ಸಾಹಿತಿ ಫ್ರೆಡರಿಕ್ ವಾನ್ ಈಡನ್‌ನದು. ಲೂಸಿಡ್ ಡ್ರೀಮ್ ಅನ್ನೋ ಹೆಸರು ಗಟ್ಟಿಯಾಗಿ ಉಳಿದದ್ದು ಅವನ 1913ರ ಲೇಖನದಿಂದ. 1898ರ ಜನವರಿ 20ರಿಂದ 1912ರ ಡಿಸೆಂಬರ್ 26ರವರೆಗೆ ಇಂಥ 352 ಕನಸುಗಳನ್ನು ಅವನು ದಾಖಲಿಸಿದ. ಒಂದು ಕನಸಿನಲ್ಲಿ, ಇದು ಕನಸೇ ತಾನೇ ಅಂತ ಪರೀಕ್ಷಿಸೋಕೆ ಗಾಜಿನ ಲೋಟಕ್ಕೆ ಜೋರಾಗಿ ಗುದ್ದುತ್ತಾನೆ. ಲೋಟ ಒಡೆಯಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಒಡೆದಿದೆ! ನಾಟಕದಲ್ಲಿ ಪಾತ್ರಧಾರಿ ತಡವಾಗಿ ರಂಗಕ್ಕೆ ಬಂದ ಹಾಗೆ.

ನಂಬೋದು ಹೇಗೆ?

ಇಷ್ಟೆಲ್ಲ ಬರೆದಿಟ್ಟರೂ ವಿದ್ವಾಂಸರು ಒಪ್ಪಲಿಲ್ಲ. ಅವರ ಅನುಮಾನವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅದರಲ್ಲಿ ಹುರುಳಿದೆ. ನೀವು ಹೇಳುತ್ತಿರೋದು ಎದ್ದ ಮೇಲೆ. ಎದ್ದ ಮೇಲೆ ನೆನಪು ಕತೆ ಕಟ್ಟುತ್ತೆ. ಅರೆನಿದ್ದೆಯಲ್ಲಿ ಕ್ಷಣಕಾಲ ಎಚ್ಚರವಾದದ್ದನ್ನೇ ಕನಸಿನ ಅರಿವು ಅಂದುಕೊಂಡಿರಬಹುದು. 1959ರಲ್ಲಿ ತತ್ವಜ್ಞಾನಿ ನಾರ್ಮನ್ ಮಾಲ್ಕಮ್ ಇನ್ನೂ ಮುಂದೆ ಹೋಗಿ, 'ನಾನು ನಿದ್ದೆ ಮಾಡುತ್ತಿದ್ದೇನೆ' ಅನ್ನೋ ಮಾತನ್ನು ನಿದ್ದೆಯಲ್ಲಿರುವವನು ಹೇಳೋದಕ್ಕೆ ಅರ್ಥವೇ ಇಲ್ಲ ಅಂತ ವಾದಿಸಿದ. ಹೇಳಲು ಆಗುತ್ತೆ ಅಂದರೆ ನಿದ್ದೆ ಅಲ್ಲ, ನಿದ್ದೆ ಅಂದರೆ ಹೇಳಲು ಆಗಲ್ಲ. ಕನಸಿನೊಳಗಿಂದ ಹೊರಗೆ ಸುದ್ದಿ ಕಳಿಸುವ ದಾರಿ ಇಲ್ಲದ ತನಕ ಈ ವಾದಕ್ಕೆ ಉತ್ತರ ಇಲ್ಲ.

ದಾರಿಯ ಮೊದಲ ಸುಳಿವು ಅಷ್ಟರಲ್ಲಾಗಲೇ ಸಿಕ್ಕಿತ್ತು. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯೆಲ್ ಕ್ಲೈಟ್‌ಮನ್, ನಿದ್ದೆಯ ಕೆಲವು ಹೊತ್ತಿನಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಚುರುಕಾಗಿ ಓಡಾಡುತ್ತೆ ಅಂತ ತೋರಿಸಿದರು. ಆಗ ಎಬ್ಬಿಸಿದರೆ ಜನ ಕನಸು ಹೇಳುತ್ತಾರೆ. ಇದೇ ರೆಮ್ ನಿದ್ದೆ. ಈ ಹೊತ್ತಿನಲ್ಲಿ ಮೆದುಳು ಸುಮಾರು ಎಚ್ಚರದಷ್ಟೇ ಚಟುವಟಿಕೆಯಿಂದ ಇರುತ್ತೆ, ಆದರೆ ಕೈಕಾಲಿನ ಸ್ನಾಯುಗಳು ಸಡಿಲಾಗಿ ಅಲುಗದ ಹಾಗಿರುತ್ತವೆ. ಇಲ್ಲದಿದ್ದರೆ ಕನಸಿನಲ್ಲಿ ಓಡಿದವರೆಲ್ಲ ಮಂಚದಿಂದ ಬೀಳಬೇಕಿತ್ತು. ಕಣ್ಣಿಗೆ ಮಾತ್ರ ಈ ಕಟ್ಟು ಇಲ್ಲ.

ಸ್ವಲ್ಪ ಯೋಚಿಸಿ. ಎಲ್ಲ ಬಾಗಿಲು ಮುಚ್ಚಿದ ಮನೆಯಲ್ಲಿ ಒಂದು ಕಿಟಕಿ ತೆರೆದಿದೆ. ಒಳಗಿರುವವರಿಗೆ ತಾವು ಒಳಗಿದ್ದೇವೆ ಅಂತ ಗೊತ್ತಿದ್ದರೆ ಆ ಕಿಟಕಿಯಿಂದ ಸನ್ನೆ ಮಾಡಬಹುದಲ್ಲ?

ಹಲ್, 12 ಏಪ್ರಿಲ್ 1975

ಹಲ್ ಅನ್ನೋದು ಇಂಗ್ಲೆಂಡಿನ ಪೂರ್ವ ಕರಾವಳಿ ಕಡೆಯ ಬಂದರು ಪಟ್ಟಣ. ನಾನಿರುವ ಲೀಡ್ಸ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಮ್ಮನ ಹಲ್ಲಿನಿಂದ ಶುರುವಾದ ಓದು ಈ ಹಲ್‌ಗೆ ಬಂದು ಮುಟ್ಟಿದಾಗ ನನಗೆ ನಗು ಬಂದಿತ್ತು. 1975ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕವಿ ಫಿಲಿಪ್ ಲಾರ್ಕಿನ್ ಲೈಬ್ರರಿಯನ್ ಆಗಿದ್ದ. ಅದೇ ಆವರಣದ ನಿದ್ರಾ ಪ್ರಯೋಗಾಲಯದಲ್ಲಿ ಕೀತ್ ಹರ್ನ್ ಅನ್ನೋ ಸಂಶೋಧನಾ ವಿದ್ಯಾರ್ಥಿ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದ. ಒಳಗೆ ಮಲಗುತ್ತಿದ್ದವನು ಆಲನ್ ವರ್ಸ್ಲಿ. ಚಿಕ್ಕಂದಿನಿಂದಲೂ ಅರಿವಿನ ಕನಸು ಕಾಣುವ ಅಭ್ಯಾಸ ಇದ್ದವನು.

ಇಬ್ಬರ ನಡುವೆ ಒಂದು ಒಪ್ಪಂದ. ಕನಸಿನಲ್ಲಿ ಅರಿವು ಬಂದ ಕೂಡಲೇ ವರ್ಸ್ಲಿ ಕಣ್ಣನ್ನು ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ ದೊಡ್ಡದಾಗಿ ಹೊರಳಿಸಬೇಕು. ಮೆದುಳಿನ ಅಲೆ, ಸ್ನಾಯುವಿನ ಬಿಗಿ, ಕಣ್ಣಿನ ಚಲನೆ ಮೂರೂ ಯಂತ್ರದ ಕಾಗದದ ಮೇಲೆ ಗೆರೆಯಾಗಿ ಮೂಡುತ್ತಿರುತ್ತವೆ. ಏಪ್ರಿಲ್ 12ರ ಬೆಳಗ್ಗೆ 8 ಗಂಟೆಯ ಹೊತ್ತಿಗೆ, ರೆಮ್ ನಿದ್ದೆಯ ಅಂಕುಡೊಂಕು ಗೆರೆಗಳ ಮಧ್ಯೆ ಅಚ್ಚುಕಟ್ಟಾದ, ಲಯಬದ್ಧವಾದ ಗೆರೆಗಳು ಬಂದವು. ಎಡ, ಬಲ, ಎಡ, ಬಲ. ಉಳಿದ ಗೆರೆಗಳೆಲ್ಲ ಮನುಷ್ಯ ನಿದ್ದೆಯಲ್ಲಿದ್ದಾನೆ ಅನ್ನುತ್ತಿದ್ದವು. ಕಣ್ಣಿನ ಗೆರೆ ಮಾತ್ರ, ನನಗೆ ಗೊತ್ತಿದೆ ಅನ್ನುತ್ತಿತ್ತು.

ಅರಿಸ್ಟಾಟಲ್‌ನಿಂದ ಇಲ್ಲಿಗೆ 2,300 ವರ್ಷ. ಅಷ್ಟೂ ಕಾಲ ಕನಸಿಗೆ ಒಬ್ಬರೇ ಸಾಕ್ಷಿ ಇದ್ದರು. ಆ ಬೆಳಗ್ಗೆ ಎರಡನೆಯ ಸಾಕ್ಷಿಯಾಗಿ ಒಂದು ಕಾಗದ ಬಂತು.

ಸುದ್ದಿ ಹರಡಲಿಲ್ಲ. ಹರ್ನ್‌ನ ಪ್ರಬಂಧ 1978ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಸಲ್ಲಿಕೆಯಾಗಿ ಹೆಚ್ಚು ಜನರ ಕಣ್ಣಿಗೆ ಬೀಳದೆ ಉಳಿಯಿತು. ಹೆಚ್ಚುಕಮ್ಮಿ ಅದೇ ಕಾಲಕ್ಕೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬಾರ್ಜ್ ತನ್ನಷ್ಟಕ್ಕೆ ತಾನೇ ಇದೇ ಉಪಾಯ ಹೂಡಿ, ತಾನೇ ಮಲಗಿ ಸನ್ನೆ ಮಾಡಿ ತೋರಿಸಿದ. ಅವನ ಲೇಖನವನ್ನು ದೊಡ್ಡ ಪತ್ರಿಕೆಗಳಾದ 'ಸೈನ್ಸ್' ಮತ್ತು 'ನೇಚರ್' ವಾಪಸ್ ಕಳಿಸಿದವು. ಕೊನೆಗೆ 1981ರಲ್ಲಿ ಇನ್ನೊಂದು ಪತ್ರಿಕೆಯಲ್ಲಿ ಬಂತು. ಗೆರೆ ಕಣ್ಣೆದುರೇ ಇದ್ದರೂ ನಂಬೋದು ಕಷ್ಟ ಇತ್ತು.

ಕಿಟಕಿ ಸಿಕ್ಕ ಮೇಲೆ ಹಳೇ ಜಗಳಗಳೂ ಬಗೆಹರಿಯತೊಡಗಿದವು. 19ನೇ ಶತಮಾನದಲ್ಲಿ ಆಲ್ಫ್ರೆಡ್ ಮೋರಿ ಅನ್ನೋ ಫ್ರೆಂಚ್ ವಿದ್ವಾಂಸ, ಮಂಚದ ಪಟ್ಟಿ ಕುತ್ತಿಗೆ ಮೇಲೆ ಬಿದ್ದ ಕ್ಷಣದಲ್ಲೇ ಫ್ರೆಂಚ್ ಕ್ರಾಂತಿ, ವಿಚಾರಣೆ, ಗಿಲೊಟಿನ್ ಎಲ್ಲ ಇದ್ದ ಉದ್ದನೆಯ ಕನಸು ಕಂಡೆ ಅಂದಿದ್ದ. ಕನಸು ಕ್ಷಣಾರ್ಧದ್ದು ಅಂತ ಅದರಿಂದಲೇ ಎಷ್ಟೋ ಜನ ನಂಬಿದರು. ಲಬಾರ್ಜ್ ಕನಸು ಕಾಣುವವರಿಗೆ ಒಂದು ಸನ್ನೆ ಮಾಡಿ, ಒಳಗೇ 10 ಸೆಕೆಂಡ್ ಎಣಿಸಿ, ಇನ್ನೊಂದು ಸನ್ನೆ ಮಾಡಲು ಹೇಳಿದ. ಎಚ್ಚರದಲ್ಲಿ ಎಣಿಸುವಾಗ ಹಿಡಿಯುವಷ್ಟೇ ಹೊತ್ತು ಹೆಚ್ಚುಕಮ್ಮಿ ಅಲ್ಲೂ ಹಿಡಿಯಿತು.

2021ರಲ್ಲಿ ಇನ್ನೊಂದು ಹೆಜ್ಜೆ. ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್‌ನ ನಾಲ್ಕು ತಂಡಗಳು 36 ಜನರನ್ನು ಮಲಗಿಸಿ, ಅರಿವಿನ ಕನಸಿನಲ್ಲಿದ್ದವರಿಗೆ ಹೊರಗಿನಿಂದ ಪ್ರಶ್ನೆ ಕೇಳಿದವು. 8ರಲ್ಲಿ 6 ಕಳೆದರೆ? ಮಲಗಿದ್ದವನ ಕಣ್ಣು ಎರಡು ಸಲ ಎಡಬಲ ಹೊರಳಿತು. ಉತ್ತರ ಸರಿ. ಆದರೆ ನನ್ನ ವೃತ್ತಿಧರ್ಮಕ್ಕಾಗಿ ಪೂರ್ತಿ ಲೆಕ್ಕ ಹೇಳಬೇಕು. 158 ಪ್ರಯತ್ನಗಳಲ್ಲಿ ಸರಿ ಉತ್ತರ ಬಂದದ್ದು ಶೇ. 18.4ರಷ್ಟು. ಶೇ. 60ಕ್ಕಿಂತ ಹೆಚ್ಚು ಸಲ ಉತ್ತರವೇ ಇಲ್ಲ. ತಪ್ಪು ಉತ್ತರ ಶೇ. 3.2 ಮಾತ್ರ. ಅಂದರೆ ಕಿಟಕಿ ಚಿಕ್ಕದು, ಯಾವಾಗಲೂ ತೆರೆದಿರಲ್ಲ. ಆದರೆ ತೆರೆದಾಗ ಅದರಿಂದ ಬರೋದು ಗಾಳಿಮಾತಲ್ಲ.

ಬೆಳಗಿನ ಜಾವದ ವಿಷಯಕ್ಕೂ ಇಲ್ಲೇ ಉತ್ತರ ಇದೆ. ರೆಮ್ ನಿದ್ದೆ ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತೆ. ಮೊದಲನೆಯದು ಕೆಲವೇ ನಿಮಿಷ, ಬೆಳಗಾಗುತ್ತಾ ಉದ್ದವಾಗುತ್ತೆ. ವರ್ಸ್ಲಿಯ ಸನ್ನೆ ಬಂದದ್ದೂ ಬೆಳಗ್ಗೆಯೇ. ಹಾಗಾಗಿ ಬೆಳಗಿನ ಕನಸು ಉದ್ದ, ಸ್ಪಷ್ಟ. ಅದರ ಬೆನ್ನಿಗೇ ಎಚ್ಚರವೂ ಆಗುವುದರಿಂದ ನೆನಪಲ್ಲಿ ಉಳಿಯುತ್ತೆ. ಬೆಳಗಿನ ಜಾವದ ಕನಸು ನಿಜ ಆಗುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ. ಮನಸ್ಸಿಗೆ ಅಂಟಿಕೊಳ್ಳುತ್ತೆ ಅನ್ನೋದಕ್ಕೆ ಇದೆ.

ಅಮ್ಮನ ಕನಸು, ಪೂರ್ತಿಯಾಗಿ

ಹಲ್ ವಿಷಯವೆಲ್ಲ ನಾನು ಆಮೇಲೆ ಓದಿದ್ದು. ಆ ಸೋಮವಾರ ರಾತ್ರಿ ಓದಿದ್ದು ಆರ್ಟೆಮಿಡೋರಸ್ ಮತ್ತು ಚರಕ ಇಬ್ಬರನ್ನೇ. ಅಷ್ಟು ಸಾಕಾಯಿತು. ಮಂಗಳವಾರ ನಾನೇ ಫೋನ್ ಮಾಡಿದೆ. "ಕನಸು ಪೂರ್ತಿ ಹೇಳಮ್ಮ" ಅಂದೆ.

ಸ್ವಲ್ಪ ಬಿಗುವಿನಿಂದಲೇ ಶುರು ಮಾಡಿದಳು. ಹಿತ್ತಲಲ್ಲಿ ಒಗೆಯೋ ಕಲ್ಲಿನ ಹತ್ರ ನಿಂತಿದ್ದಾಳೆ. ಬಾಯಿಂದ ಹಲ್ಲು ಒಂದೊಂದೇ ಅಂಗೈಗೆ ಬೀಳ್ತಾ ಇವೆ, ಜೋಳದ ಕಾಳಿನ ಹಾಗೆ. ನಿಂತು ಎಣಿಸುತ್ತಿದ್ದಾಳೆ.

"ಆಗಲೇ ಗೊತ್ತಾಯ್ತು, ಇದು ಕನಸು ಅಂತ."

ನಾನು ಎದ್ದು ಕೂತೆ. "ಹೇಗೆ ಗೊತ್ತಾಯ್ತು?"

"ನನ್ನದು ಕಟ್ಟಿಸಿದ ಹಲ್ಲಲ್ವೇನೆ? ರಾತ್ರಿ ತೆಗೆದು ಬಟ್ಟಲಲ್ಲಿ ಹಾಕಿ ಮಲಗಿದ್ದೀನಿ. ಬಾಯಲ್ಲಿಲ್ಲದ ಹಲ್ಲು ಬೀಳೋದು ಹೇಗೆ?"

ಇಬ್ಬರೂ ನಕ್ಕೆವು. ಹೀಗೆ ಕನಸಲ್ಲೇ ಗೊತ್ತಾಗೋದು ಮೊದಲೂ ಆಗಿತ್ತಾ ಅಂತ ಕೇಳಿದೆ. "ಚಿಕ್ಕವಳಿದ್ದಾಗಿಂದ ಆಗುತ್ತೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ" ಅಂದಳು. ಒಟ್ಟು ಅಧ್ಯಯನಗಳನ್ನು ಕೂಡಿಸಿ ನೋಡಿದರೆ ಸುಮಾರು ಶೇ. 55ರಷ್ಟು ಜನಕ್ಕೆ ಜೀವನದಲ್ಲಿ ಒಮ್ಮೆಯಾದರೂ ಇಂಥ ಕನಸು ಬಿದ್ದಿರುತ್ತೆ ಅಂತ ಆಮೇಲೆ ಓದಿದೆ. ಅದರಲ್ಲಿ ನಮ್ಮ ಅಮ್ಮನೂ ಒಬ್ಬಳು ಅಂತ ತಿಳಿಯೋಕೆ ನನಗೆ ಮೂವತ್ತು ಚಿಲ್ಲರೆ ವರ್ಷ ಬೇಕಾಯಿತು.

"ಕನಸು ಅಂತ ಅಲ್ಲೇ ಗೊತ್ತಿತ್ತಲ್ಲ, ಮತ್ತೆ ಯಾಕೆ ಹೆದರಿದೆ?"

"ಕನಸು ಅಂತ ಗೊತ್ತಾದ ಮಾತ್ರಕ್ಕೆ ಹೆದರಿಕೆ ಸುಳ್ಳಾಗುತ್ತಾ?"

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಸುಮ್ಮನಿದ್ದೆ. ಆಮೇಲೆ ಅವಳೇ ಹೇಳಿದಳು. ಹಿಂದಿನ ವಾರ ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು, "ಆಪರೇಷನ್ ದಿನ ಹಲ್ಲಿನ ಸೆಟ್ ತೆಗೆದಿಟ್ಟು ಒಳಗೆ ಬನ್ನಿ ಅಮ್ಮ" ಅಂದಿದ್ದರು. ಅದೇ ದಿನ ಸಹಿ ಹಾಕಿಸಿಕೊಂಡ ಕಾಗದದಲ್ಲಿ 'ಅರಿವಳಿಕೆ' ಅನ್ನೋ ಪದ ಇತ್ತು. "ಅರಿವು ಅಳಿಸೋದು ಅಂತ ತಾನೇ ಅರ್ಥ? ನಿದ್ದೆಯಲ್ಲಾದ್ರೆ ಕನಸಾದ್ರೂ ಇರುತ್ತೆ. ಇದರಲ್ಲಿ ನಾನು ಎಲ್ಲಿರ್ತೀನಿ?"

ಚರಕನ ಪಟ್ಟಿಯ ಪ್ರಕಾರ ಇದು ಎರಡನೇ ಬಗೆ, ಕೇಳಿದ್ದು. ಫಲ ಇಲ್ಲ. ಹೌದು, ಮುಂದಿನದನ್ನು ಹೇಳುವ ಫಲ ಇಲ್ಲ. ಆದರೆ ಹಗಲಲ್ಲಿ ಯಾರ ಹತ್ತಿರವೂ ಬಾಯಿಬಿಡಲಾಗದ ಒಂದು ಪ್ರಶ್ನೆ ಆ ಕನಸಿನ ಜೊತೆ ಇತ್ತು. ನಾನು ಸೋಮವಾರ ರಾತ್ರಿ ಕನಸನ್ನು ಸುಳ್ಳು ಮಾಡೋಕೆ ಹೋಗಿ ಆ ಪ್ರಶ್ನೆಯ ಬಾಯಿಯನ್ನೂ ಮುಚ್ಚಿಸಿದ್ದೆ.

ಬುಧವಾರ ತಮ್ಮ ಅಮ್ಮನನ್ನು ಕರೆದುಕೊಂಡು ಹೋಗಿ ಅರಿವಳಿಕೆ ಕೊಡುವ ಡಾಕ್ಟರ ಹತ್ತಿರ ಕೂರಿಸಿದ. ಬೆನ್ನಿಗೆ ಇಂಜೆಕ್ಷನ್ ಕೊಡ್ತೀವಿ, ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟುತ್ತೆ, ನೀವು ನನ್ನ ಜೊತೆ ಮಾತಾಡ್ತಾನೇ ಇರಬಹುದು ಅಂತ ಅವರು ವಿವರಿಸಿದರು. ಗುರುವಾರ ಆಪರೇಷನ್ ಆಯಿತು. ಈಗ ಅಮ್ಮ ಸಂಜೆ ದೇವಸ್ಥಾನದ ತನಕ ನಡೆದು ಬರ್ತಾಳೆ.

ಅವತ್ತಿನಿಂದ ನಾನೂ ಒಂದು ದಾಖಲೆ ಇಟ್ಟಿದ್ದೀನಿ, ಅಮ್ಮನ ಕನಸುಗಳದ್ದು. ಸಾದಾ ಸ್ಪ್ರೆಡ್‌ಶೀಟ್. ಇಲ್ಲಿಯವರೆಗೆ 23 ಸಾಲು, ಟಿಪ್ಪುವಿಗಿಂತ ಇನ್ನೂ ಹಿಂದಿದ್ದೇವೆ. ಬೆಲ್ಲ ತಿಂದ ಕನಸನ್ನೂ ಬಿಡದೆ ಬರೀತೀನಿ. ಒಂದು ಕಾಲಂ: ಕನಸು ಅಂತ ಒಳಗೇ ಗೊತ್ತಾಯ್ತಾ? ಇನ್ನೊಂದು: ಹಿಂದಿನ ದಿನ ಏನು ಕೇಳಿದೆ? 'ಆಮೇಲೆ ಏನಾಯಿತು' ಅನ್ನೋ ಕಾಲಮ್ಮೂ ಇದೆ, ಅಮ್ಮನ ಒತ್ತಾಯಕ್ಕೆ. ಅದರಲ್ಲಿ ಹೆಚ್ಚಿನ ಸಾಲು ಖಾಲಿ ಇವೆ. ಅಮ್ಮ ಅದನ್ನು ನೋಡಿ, "ಇನ್ನೂ ಟೈಮ್ ಇದೆ" ಅಂತಾಳೆ.

ನಿಮ್ಮ ಮನೆಯಿಂದಲೂ ಹೊತ್ತಲ್ಲದ ಹೊತ್ತಲ್ಲಿ ಇಂಥ ಫೋನ್ ಬಂದರೆ, ಲೆಕ್ಕ ಆಮೇಲೆ ಹೇಳಿ. ಮೊದಲು ಕನಸು ಪೂರ್ತಿ ಕೇಳಿ. ಅದಕ್ಕೆ ಅವರೊಬ್ಬರೇ ಸಾಕ್ಷಿ.